ಗಾನ್ಸ್‌ಬಾಯ್‌ನ ಬಿಳಿ ಶಾರ್ಕ್‌ಗೆ ‘ನರಭಕ್ಷಕ’ ಎಂಬ ಪದ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಕಬ್ಬಿಣದ ಪಂಜರದೊಳಗೆ ನಿಂತು, ಕಡಲಿಗೆ ಇಳಿದು, ದೊಡ್ಡ ಬಿಳಿ ಶಾರ್ಕನ್ನು ಹತ್ತಿರದಿಂದ ನೋಡುವುದರ ಬಗ್ಗೆ ಪೂರ್ತಿ ಒಂದು ಪುಟ. ಅದರಲ್ಲಿ ‘ನರಭಕ್ಷಕ’ ಎಂಬ ಪದ ಐದು ಸಲ ಬಂದಿದೆ. ಎಣಿಸಿದೆ. ‘ರಕ್ತಪಿಪಾಸು’ ಎರಡು ಸಲ. ಕೊನೆಯಲ್ಲಿ, ಹೋದವರಿಗೆ ಆ ಮೀನು ಖಂಡಿತ ಕಾಣುತ್ತದೆ ಎಂಬ ಭರವಸೆಯೂ ಇದೆ. ಎರಡೂ ಸರಿಯಿಲ್ಲ. ಆ ಮೀನು ಅಂಥದ್ದಲ್ಲ. ಮತ್ತು ಅದು ಈಗ ಅಲ್ಲಿ ಮೊದಲಿನ ಹಾಗೆ ಕಾಣಿಸುವುದೂ ಇಲ್ಲ.

ನಾನು ಮಲ್ಪೆಯವಳು. ತಂದೆ ಕಡಲಿಗೆ ಹೋಗುತ್ತಿದ್ದರು. ನಾನು 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಮಗ ಕೇಪ್‌ಟೌನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಎರಡು ಸಲ ಗಾನ್ಸ್‌ಬಾಯ್‌ಗೆ ಹೋಗಿ ಪಂಜರಕ್ಕೆ ಇಳಿದಿದ್ದೇನೆ. ಮೊದಲ ಸಲ 2014ರ ಮೇ ತಿಂಗಳು, ಶಾಲೆಗೆ ರಜೆ ಇದ್ದಾಗ. ಎರಡನೆಯ ಸಲ 2023ರ ಜುಲೈ. ಮೇ ಅಲ್ಲಿ ಚಳಿಗಾಲದ ಅಂಚು, ಜುಲೈ ನಡು ಚಳಿಗಾಲ. ಆ ಹೊತ್ತಿನಲ್ಲಿ ಅಲ್ಲಿನ ದ್ವೀಪದ ಸೀಲ್ ಎಂಬ ಕಡಲ ಪ್ರಾಣಿಯ ಮರಿಗಳು ನೀರಿಗಿಳಿದು ಈಜುತ್ತವೆ, ಅವನ್ನು ಹಿಡಿಯಲು ಶಾರ್ಕ್‌ಗಳು ಬರುತ್ತವೆ. ಹಾಗಾಗಿ ಕಾಲ ತಪ್ಪಿ ಹೋಗಿದ್ದೆ ಎಂದು ಯಾರೂ ಹೇಳುವ ಹಾಗಿಲ್ಲ.

ಮೊದಲ ದಿನದ ಬಗ್ಗೆ ಹೇಳುತ್ತೇನೆ.

ಕೇಪ್‌ಟೌನ್‌ನಿಂದ ಗಾನ್ಸ್‌ಬಾಯ್‌ಗೆ ಎರಡು ಗಂಟೆಯ ದಾರಿ. ಬೆಳಗಿನ ಜಾವ ಹೊರಟೆವು. ದೋಣಿಗಳು ಹೊರಡುವುದು ಪಕ್ಕದ ಕ್ಲೈನ್‌ಬಾಯ್ ಎಂಬ ಪುಟ್ಟ ಬಂದರಿನಿಂದ. ನಮ್ಮ ಮಲ್ಪೆ ಬಂದರು ನೋಡಿದವರಿಗೆ ಅದು ಬಂದರು ಅನ್ನಿಸುವುದೇ ಇಲ್ಲ, ಅಷ್ಟು ಚಿಕ್ಕದು. ಟ್ರ್ಯಾಕ್ಟರ್ ದೋಣಿಯನ್ನು ಹಿಂದಕ್ಕೆ ತಳ್ಳಿ ನೀರಿಗೆ ಬಿಡುತ್ತದೆ. ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷಕ್ಕೆ ಡೈಯರ್ ದ್ವೀಪ. ಅದರಲ್ಲಿ ಪೆಂಗ್ವಿನ್‌ಗಳಿವೆ. ಪಕ್ಕದಲ್ಲೇ ಗೈಸರ್ ರಾಕ್ ಎಂಬ ಬಂಡೆ ದ್ವೀಪ. ಅದರ ಮೇಲೆ ಸುಮಾರು ಅರವತ್ತು ಸಾವಿರ ಸೀಲ್‌ಗಳು. ಕಾಣುವ ಮುಂಚೆಯೇ ವಾಸನೆ ಬರುತ್ತದೆ, ಆಮೇಲೆ ಗದ್ದಲ. ಈ ಎರಡು ದ್ವೀಪಗಳ ನಡುವಿನ ಕಿರಿದಾದ ನೀರಿನ ಹಾದಿಗೇ ಶಾರ್ಕ್ ಆಲಿ, ಅಂದರೆ ಶಾರ್ಕ್ ಓಣಿ ಎಂಬ ಹೆಸರು.

ಅಲ್ಲಿ ಸಿಲಿಂಡರ್ ಬೇಡ, ತರಬೇತಿಯೂ ಬೇಡ. ಪಂಜರ ದೋಣಿಯ ಬದಿಗೆ ಕಟ್ಟಿರುತ್ತದೆ, ಅದರ ಮೇಲ್ಭಾಗ ನೀರಿನಿಂದ ಹೊರಗೇ ಇರುತ್ತದೆ. ದಪ್ಪ ರಬ್ಬರ್ ಬಟ್ಟೆ ಹಾಕಿಕೊಂಡು, ಸೊಂಟಕ್ಕೆ ತೂಕದ ಬೆಲ್ಟ್ ಕಟ್ಟಿಕೊಂಡು ಒಳಗೆ ಇಳಿಯಬೇಕು. ತಲೆ ನೀರಿನ ಮೇಲೆ ಇಟ್ಟುಕೊಂಡು ಕಾಯಬೇಕು. ದೋಣಿಯ ಮೇಲಿರುವ ಹುಡುಗ ಶಾರ್ಕ್ ಕಂಡ ಕೂಡಲೇ ‘ಡೌನ್! ಡೌನ್!’ ಎಂದು ಕೂಗುತ್ತಾನೆ. ಆಗ ಉಸಿರು ಹಿಡಿದು ಮುಳುಗಬೇಕು, ಅಷ್ಟೇ. ನನಗೆ ಚಿಕ್ಕಂದಿನಿಂದ ಈಜು ಬರುತ್ತದೆ, ನೀರಿನ ಭಯ ಇರಲಿಲ್ಲ. ಆದರೆ ಆ ಚಳಿ! ನೀರು 14 ಡಿಗ್ರಿ ಎಂದರು. ಕುತ್ತಿಗೆಯ ಹತ್ತಿರ ನೀರು ಒಳಗೆ ನುಗ್ಗಿದಾಗ ಉಸಿರೇ ನಿಂತ ಹಾಗಾಯಿತು.

ಶಾರ್ಕ್ ಬರಲಿ ಎಂದು ನೀರಿಗೆ ಮೀನೆಣ್ಣೆ, ಅರೆದ ಬೂತಾಯಿಯಂಥ ಮೀನು, ಅದರ ನೀರು ಎಲ್ಲ ಕಲಸಿ ಸುರಿಯುತ್ತಾರೆ. ಅದಕ್ಕೆ ಅಲ್ಲಿ ಚಮ್ ಎನ್ನುತ್ತಾರೆ. ಹಗ್ಗದ ತುದಿಗೆ ಟ್ಯೂನಾ ಮೀನಿನ ತಲೆ ಕಟ್ಟಿ ಎಸೆಯುತ್ತಾರೆ. ನಮ್ಮ ಕಡೆ ಕೇದರ ಎನ್ನುತ್ತೇವಲ್ಲ, ಅದೇ ಜಾತಿ. ಸೀಲ್ ಆಕಾರಕ್ಕೆ ಕತ್ತರಿಸಿದ ಕಪ್ಪು ಹಲಗೆಯೂ ನೀರಿನ ಮೇಲೆ ತೇಲುತ್ತಿರುತ್ತದೆ.

ನೀರು ಹಸಿರಾಗಿ ಮಬ್ಬಾಗಿತ್ತು. ಮೂರು ನಾಲ್ಕು ಮೀಟರ್‌ಗಿಂತ ದೂರ ಏನೂ ಕಾಣುತ್ತಿರಲಿಲ್ಲ. ಮೂರನೇ ಸಲ ಮುಳುಗಿದಾಗ ಆ ಮಬ್ಬಿನಿಂದ ಅದು ಬಂತು. ನುಗ್ಗಿ ಬರುತ್ತದೆ ಎಂದುಕೊಂಡಿದ್ದೆ. ಇಲ್ಲ. ತುಂಬ ನಿಧಾನಕ್ಕೆ ಬಂತು, ದೇವಸ್ಥಾನದ ಆನೆ ಬೀದಿಯಲ್ಲಿ ನಡೆದು ಬರುತ್ತದಲ್ಲ, ಆ ಹಾಗೆ. ಸುಮಾರು ಮೂರೂವರೆ ಮೀಟರ್ ಉದ್ದದ್ದು ಎಂದು ಆಮೇಲೆ ಹೇಳಿದರು. ಬಿಳಿ ಶಾರ್ಕ್ ಎನ್ನುತ್ತಾರೆ, ಆದರೆ ಬಿಳಿ ಹೊಟ್ಟೆ ಮಾತ್ರ. ಬೆನ್ನು ಕರಿ ಬಂಡೆಯ ಬಣ್ಣ. ಮೇಲಿನಿಂದ ನೋಡಿದರೆ ಕಡಲ ತಳದೊಂದಿಗೆ ಬೆರೆಯುತ್ತದೆ, ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಿನೊಂದಿಗೆ. ಇದನ್ನು ಎಷ್ಟೋ ವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೆ. ಅವತ್ತು ಕಣ್ಣಾರೆ ನೋಡಿದೆ. ಮೂತಿಯ ಮೇಲೆ ಗೀರುಗಳಿದ್ದವು. ಸೀಲ್‌ಗಳೂ ಸುಮ್ನೆ ಬಿಡುವುದಿಲ್ಲ, ಕಚ್ಚಿ ಪರಚುತ್ತವೆ. ಪಂಜರದ ಪಕ್ಕದಲ್ಲೇ ಹಾದು ಹೋಗುವಾಗ ಅದರ ಕಣ್ಣು ನನ್ನ ಎದುರಿಗೆ ಬಂತು. ಎಲ್ಲರೂ ಕಪ್ಪು ಕಣ್ಣು, ಜೀವವಿಲ್ಲದ ಕಣ್ಣು ಎಂದು ಬರೆಯುತ್ತಾರೆ. ನಿಮ್ಮ ಲೇಖನದಲ್ಲೂ ಹಾಗೇ ಇದೆ. ಅದು ಕಪ್ಪಲ್ಲ, ಕಡುನೀಲಿ. ಮತ್ತು ಆ ಕಣ್ಣು ತಿರುಗಿತು. ಅದು ನನ್ನನ್ನು ನೋಡಿತು.

ಅವತ್ತು ಆರು ಬೇರೆ ಬೇರೆ ಶಾರ್ಕ್ ಬಂದವು. ಒಂದರ ಬೆನ್ನಿನ ರೆಕ್ಕೆಯ ಹಿಂಬದಿಯಲ್ಲಿ ಎರಡು ಆಳವಾದ ಗೀರು ಇತ್ತು, ಹರಿದ ಎಲೆಯ ಅಂಚಿನ ಹಾಗೆ. ಅದು ಮತ್ತೆ ಮತ್ತೆ ಬಂತು. ಆ ರೆಕ್ಕೆಯ ಅಂಚು ನೋಡಿಯೇ ಒಂದೊಂದು ಶಾರ್ಕನ್ನೂ ಗುರುತಿಸುತ್ತಾರೆ, ನಮ್ಮ ಬೆರಳಚ್ಚಿನ ಹಾಗೆ.

ಆದರೆ ಅದೇ ದಿನ ನೋಡಬಾರದ್ದನ್ನೂ ನೋಡಿದೆ. ಹಗ್ಗ ಹಿಡಿದಿದ್ದವನು ಮೀನಿನ ತಲೆಯನ್ನು ಪಂಜರದ ಕಡೆಗೇ ಎಳೆಯುತ್ತಿದ್ದ. ಶಾರ್ಕ್ ಬಾಯಿ ತೆರೆದು ಅದರ ಹಿಂದೆ ಬಂದಾಗ ಕೊನೆಯ ಗಳಿಗೆಯಲ್ಲಿ ಎತ್ತಿಬಿಡುತ್ತಿದ್ದ. ಬಿಳಿ ಶಾರ್ಕ್ ಕಚ್ಚುವ ಹೊತ್ತಿಗೆ ಕಣ್ಣುಗುಡ್ಡೆಯನ್ನು ಹಿಂದಕ್ಕೆ ಹೊರಳಿಸಿಕೊಳ್ಳುತ್ತದೆ, ಏಟು ಬೀಳದಿರಲಿ ಎಂದು. ಅಂದರೆ ಆ ಕ್ಷಣ ಅದಕ್ಕೆ ಏನೂ ಕಾಣುವುದಿಲ್ಲ. ಹಾಗೆ ಬಂದದ್ದು ಪಂಜರದ ಸರಳಿಗೆ ಮೂತಿ ಬಡಿದುಕೊಂಡಿತು. ಚರ್ಮ ಕಿತ್ತು ಬಂತು. ದೋಣಿಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಕ್ಯಾಮೆರಾ ಹಿಡಿದು ಇನ್ನೊಮ್ಮೆ ಎಂದರು. ಆ ಚಿತ್ರಗಳನ್ನೇ ನಾವು ಪತ್ರಿಕೆಯಲ್ಲಿ ‘ಪಂಜರದ ಮೇಲೆ ಶಾರ್ಕ್ ದಾಳಿ’ ಎಂದು ನೋಡುವುದು. ದಾಳಿ ಅಲ್ಲ ಅದು. ಕಣ್ಣು ಕಾಣದ ಹೊತ್ತಿನಲ್ಲಿ ಗೋಡೆಗೆ ಡಿಕ್ಕಿ ಹೊಡೆಸುವುದು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಇಳಿದ ಮೇಲೆ ದೋಣಿಯವರಿಗೆ ಹೇಳಿದೆ ಕೂಡ. ಜನ ಕೊಟ್ಟ ದುಡ್ಡಿಗೆ ಏನಾದರೂ ತೋರಿಸಬೇಕಲ್ಲ ಎಂದರು.

ಇದು ಸಣ್ಣ ವಿಷಯ ಅಲ್ಲ. ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಹತ್ತಿರ 2019ರಲ್ಲಿ ಒಂದು ಬಿಳಿ ಶಾರ್ಕ್ ಪಂಜರದ ಸರಳುಗಳ ನಡುವೆ ತಲೆ ಸಿಕ್ಕಿಸಿಕೊಂಡು, ಒದ್ದಾಡಿ, ಕಿವಿರು ಹರಿದು ರಕ್ತ ಸುರಿಸಿಕೊಂಡು ಸತ್ತಿತು. ಕೊನೆಗೆ 2023ರ ಜನವರಿಯಲ್ಲಿ ಮೆಕ್ಸಿಕೋ ಸರ್ಕಾರ ಅಲ್ಲಿ ಈ ಪ್ರವಾಸವನ್ನೇ ಪೂರ್ತಿ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಪೋರ್ಟ್ ಲಿಂಕನ್ ಊರಿನಿಂದ ನೆಪ್ಚೂನ್ ದ್ವೀಪಗಳಿಗೆ ಹೋಗುತ್ತಾರೆ. ದೋಣಿಗಳು ಜಾಸ್ತಿಯಾದ ಮೇಲೆ ಶಾರ್ಕ್‌ಗಳು ಅಲ್ಲೇ ಹೆಚ್ಚು ದಿನ ಉಳಿಯುತ್ತಿವೆ, ಈಜುವ ರೀತಿಯೂ ಬದಲಾಗಿದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಆಮೇಲೆ ಮೀನು ಸುರಿಯುವ ದಿನಗಳಿಗೆ ಸರ್ಕಾರ ಮಿತಿ ಹಾಕಿತು. ನಿಯಮ ಮಾಡಿದರೆ ಆಗುತ್ತದೆ, ಅಲ್ವಾ?

ಅಂದಹಾಗೆ ಬಿಳಿ ಶಾರ್ಕ್ ನೋಡುವ ಪಂಜರದ ಕತೆ ಶುರುವಾಗಿದ್ದೂ ಆಸ್ಟ್ರೇಲಿಯಾದಲ್ಲೇ. ರಾಡ್ನಿ ಫಾಕ್ಸ್ ಎಂಬ ಯುವಕ 1963ರ ಡಿಸೆಂಬರಿನಲ್ಲಿ ಅಡಿಲೇಡ್ ಹತ್ತಿರದ ಆಲ್ಡಿಂಗಾದಲ್ಲಿ ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆಯಲ್ಲಿದ್ದ. ಬಿಳಿ ಶಾರ್ಕ್ ಅವನ ಎದೆ ಹೊಟ್ಟೆಗೆ ಬಾಯಿ ಹಾಕಿತು. ನಾನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಬದುಕಿದ. ಎರಡು ವರ್ಷದೊಳಗೆ ಅದೇ ಮೀನನ್ನು ನೋಡಲು ಪಂಜರ ಕಟ್ಟಿಕೊಂಡು ಮತ್ತೆ ನೀರಿಗಿಳಿದ. ಆಮೇಲೆ ಜೀವನಪೂರ್ತಿ ಶಾರ್ಕ್‌ಗಳನ್ನು ಉಳಿಸಬೇಕು ಎಂದೇ ಮಾತಾಡಿದ. ಕಚ್ಚಿಸಿಕೊಂಡವನೇ ಅದನ್ನು ರಾಕ್ಷಸ ಎನ್ನಲಿಲ್ಲ. ಪಂಜರ ಹುಟ್ಟಿದ್ದು ಅದನ್ನು ಕೆಣಕಲು ಅಲ್ಲ, ಅರಿಯಲು. ಇದನ್ನು ನಿಮ್ಮ ಲೇಖಕರು ಎರಡು ಸಾಲಿನಲ್ಲಾದರೂ ಬರೆಯಬಹುದಿತ್ತು.

ಇನ್ನು 2023ರ ಮಾತು. ಅದೇ ಬಂದರು, ಅದೇ ಟ್ರ್ಯಾಕ್ಟರ್, ಅದೇ ಚಳಿ. ಈ ಸಲ ಮಗ ಬೇರೆ ದೋಣಿ ಹುಡುಕಿದ್ದ. ಅದರಲ್ಲಿ ಕಡಲಜೀವಿಗಳ ಬಗ್ಗೆ ಓದಿದ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದ ಪ್ರತಿ ಮೀನನ್ನೂ ಬರೆದುಕೊಳ್ಳುತ್ತಿದ್ದಳು. ಹಗ್ಗ ಹಿಡಿದವನು ಮೀನಿನ ತಲೆಯನ್ನು ಪಂಜರದಿಂದ ದೂರ, ಅಡ್ಡಡ್ಡಲಾಗಿ ಎಳೆಯುತ್ತಿದ್ದ. ಯಾವ ಮೀನಿಗೂ ಏಟು ಬೀಳಲಿಲ್ಲ. ನಾಲ್ಕು ಗಂಟೆ ಕಾದೆವು. ಬಂದದ್ದು ಕಂಚಿನ ಬಣ್ಣದ ಸಣ್ಣ ಶಾರ್ಕ್‌ಗಳು, ಬ್ರಾಂಜ್ ವೇಲರ್ ಎನ್ನುತ್ತಾರೆ. ಅವೂ ಚೆಂದವೇ. ಪಂಜರದ ಸುತ್ತ ಏಳೆಂಟು ಸುತ್ತುತ್ತಿದ್ದವು. ಆದರೆ ಬಿಳಿ ಶಾರ್ಕ್ ಒಂದೂ ಇಲ್ಲ. ಗೈಸರ್ ರಾಕ್ ಪಕ್ಕ ಸೀಲ್‌ಗಳು ಕಿರಿದಾದ ಓಣಿಯ ನಡುನೀರಿನಲ್ಲಿ ಬೆನ್ನ ಮೇಲೆ ಮಲಗಿ ತೇಲುತ್ತಿದ್ದವು. 2014ರಲ್ಲಿ ಒಂದೂ ಸೀಲ್ ಅಲ್ಲಿ ಹಾಗೆ ಮಲಗಿರಲಿಲ್ಲ. ಬಂಡೆಗೆ ಅಂಟಿಕೊಂಡು, ಗುಂಪುಗುಂಪಾಗಿ ಹೋಗಿ ಬರುತ್ತಿದ್ದವು. ಅವುಗಳನ್ನು ನೋಡಿಯೇ ನನಗೆ ಗೊತ್ತಾಯಿತು.

ಏನಾಯಿತು ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ಹೇಳಿದ್ದನ್ನು, ಆಮೇಲೆ ನಾನು ಹುಡುಕಿ ಓದಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

2017ರಲ್ಲಿ ಗಾನ್ಸ್‌ಬಾಯ್ ದಡಕ್ಕೆ ಬಿಳಿ ಶಾರ್ಕ್‌ಗಳ ಶವ ಬೀಳತೊಡಗಿದವು. ಮೇ ತಿಂಗಳಲ್ಲಿ ಬಂದ ಒಂದು ಹೆಣ್ಣು 4.9 ಮೀಟರ್ ಉದ್ದವಿತ್ತು. ಹೊಟ್ಟೆ ಸೀಳಿತ್ತು, ಈಲಿ, ಅಂದರೆ ಲಿವರ್, ಇರಲಿಲ್ಲ. ಶಾರ್ಕ್‌ನ ಈಲಿ ಸಣ್ಣದಲ್ಲ. ದೇಹದ ತೂಕದಲ್ಲಿ ಕಾಲು ಭಾಗದವರೆಗೂ ಅದೇ ಇರಬಹುದು, ಪೂರ್ತಿ ಎಣ್ಣೆ. ಆ ಎಣ್ಣೆಗಾಗಿ ಓರ್ಕಾ ತಿಮಿಂಗಿಲಗಳು ಹೀಗೆ ಮಾಡುತ್ತಿದ್ದವು. ಮುಖ್ಯವಾಗಿ ಎರಡು ಗಂಡು ಓರ್ಕಾ. ಒಂದರ ಬೆನ್ನಿನ ರೆಕ್ಕೆ ಎಡಕ್ಕೆ ಬಾಗಿದೆ, ಇನ್ನೊಂದರದ್ದು ಬಲಕ್ಕೆ. ಹಡಗಿನವರು ಎಡಬದಿಗೆ ಪೋರ್ಟ್, ಬಲಬದಿಗೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಅವೇ ಹೆಸರು ಇಟ್ಟಿದ್ದಾರೆ. 2017ರಿಂದ ಐದು ವರ್ಷದಲ್ಲಿ ದಡಕ್ಕೆ ಬಂದ ಎಂಟು ಬಿಳಿ ಶಾರ್ಕ್ ಶವಗಳಲ್ಲಿ ಏಳಕ್ಕೆ ಈಲಿ ಇರಲಿಲ್ಲ. ಒಂದು ಶಾರ್ಕ್ ಸತ್ತರೆ ಉಳಿದವು ಆ ಜಾಗವನ್ನೇ ಬಿಟ್ಟು ಹೋಗುತ್ತಿದ್ದವು, ವಾರಗಟ್ಟಲೆ, ತಿಂಗಳುಗಟ್ಟಲೆ. ನಾನು ಎರಡನೇ ಸಲ ಹೋಗುವ ಹಿಂದಿನ ತಿಂಗಳೇ, 2023ರ ಜೂನ್‌ನಲ್ಲಿ, ಮೊಸೆಲ್ ಬೇ ಹತ್ತಿರ ಸ್ಟಾರ್‌ಬೋರ್ಡ್ ಒಂದೇ ಹೋಗಿ ಎಳೆಯ ಬಿಳಿ ಶಾರ್ಕ್ ಒಂದನ್ನು ಎರಡು ನಿಮಿಷದೊಳಗೆ ಕೊಂದಿತ್ತು.

ದಯವಿಟ್ಟು ಮುಂದಿನ ವಾರ ಓರ್ಕಾವನ್ನು ‘ನರಭಕ್ಷಕನನ್ನೇ ತಿನ್ನುವ ದೈತ್ಯ’ ಎಂದು ಬರೆಯಬೇಡಿ. ಅದೂ ತನ್ನ ಊಟ ಮಾಡುತ್ತಿದೆ. ಮತ್ತು ಎಲ್ಲವನ್ನೂ ಓರ್ಕಾ ತಲೆಗೆ ಕಟ್ಟುವುದೂ ಸರಿಯಲ್ಲ. ಈ ವಿಷಯದಲ್ಲಿ ಅಲ್ಲಿನ ವಿಜ್ಞಾನಿಗಳ ನಡುವೆಯೇ ಜಗಳ ಇದೆ. ಶಾರ್ಕ್‌ಗಳು ಪೂರ್ವದ ಕಡೆಗೆ, ಮೊಸೆಲ್ ಬೇ, ಆಲ್ಗೋವಾ ಬೇ ಕಡೆಗೆ ಸರಿದಿವೆ, ಒಟ್ಟು ಸಂಖ್ಯೆ ಇಳಿದಿಲ್ಲ ಎಂದು ಕೆಲವರು ಹೇಳುತ್ತಾರೆ. ಇಲ್ಲ, ಸಂಖ್ಯೆಯೇ ಕುಸಿದಿದೆ ಎಂದು ಉಳಿದವರು. ನನಗೆ ಎರಡನೆಯವರ ಮಾತಿನಲ್ಲಿ ಜಾಸ್ತಿ ಹುರುಳು ಕಾಣುತ್ತದೆ. ಯಾಕೆಂದರೆ ಮನುಷ್ಯರ ಕೈಯೂ ಇದರಲ್ಲಿದೆ. ಬಿಳಿ ಶಾರ್ಕ್ ತಿನ್ನುವ ಸಣ್ಣ ಜಾತಿಯ ಶಾರ್ಕ್‌ಗಳನ್ನು ಅಲ್ಲಿ ಉದ್ದ ಗಾಳದ ದೋಣಿಗಳು ಹಿಡಿಯುತ್ತವೆ. ಆ ಮಾಂಸ ಆಸ್ಟ್ರೇಲಿಯಾಕ್ಕೆ ಹೋಗುತ್ತದೆ. ಡರ್ಬನ್ ಕಡೆಯ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ, ಸ್ನಾನಕ್ಕೆ ಇಳಿಯುವವರ ರಕ್ಷಣೆಗೆ ಎಂದು, 1952ರಿಂದಲೂ ಕಡಲಿನಲ್ಲಿ ಬಲೆ ಬಿಟ್ಟಿದ್ದಾರೆ. ಅದಕ್ಕೆ ಬಿಳಿ ಶಾರ್ಕ್ ಸಿಕ್ಕಿ ಸಾಯುತ್ತದೆ, ಡಾಲ್ಫಿನ್ ಸಾಯುತ್ತದೆ, ಆಮೆಯೂ ಸಾಯುತ್ತದೆ. ವಿಚಿತ್ರ ನೋಡಿ, 1991ರಲ್ಲಿ ಲೋಕದಲ್ಲೇ ಮೊದಲು ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟ ದೇಶ ಅದು.

ಆ ದೇಶದ ಕಡಲಲ್ಲಿ ಎಷ್ಟು ಬಿಳಿ ಶಾರ್ಕ್‌ಗಳಿವೆ ಎಂದು ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದವರು ರೆಕ್ಕೆಯ ಫೋಟೊ ಮತ್ತು ಚರ್ಮದ ಚೂರು ನೋಡಿ 2016ರಲ್ಲಿ ಲೆಕ್ಕ ಹೇಳಿದರು. 353ರಿಂದ 522. ಅಷ್ಟೇ. ನಾನು ಕಲಿಸಿದ ಶಾಲೆಯ ಮಕ್ಕಳ ಸಂಖ್ಯೆ ಅದಕ್ಕಿಂತ ಜಾಸ್ತಿ ಇತ್ತು.

ಮೀನು ಅಲ್ವಾ, ಮರಿ ಹಾಕಿ ಬೆಳೆಯುತ್ತದೆ ಎಂದು ನಮ್ಮ ಊರಿನಲ್ಲೇ ಕೆಲವರು ನನಗೆ ಹೇಳಿದರು. ಇಲ್ಲಿ ನಾನು ಟೀಚರ್ ಆಗಿ ಎರಡು ಮಾತು ಹೇಳಲೇಬೇಕು. ಬೂತಾಯಿ ಒಂದು ವರ್ಷದೊಳಗೆ ಮೊಟ್ಟೆ ಇಡುತ್ತದೆ, ಸಾವಿರಗಟ್ಟಲೆ ಇಡುತ್ತದೆ. ಬಿಳಿ ಶಾರ್ಕ್ ಹಾಗಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಅಧ್ಯಯನದ ಪ್ರಕಾರ ಹೆಣ್ಣು ಶಾರ್ಕ್ ತಾಯಾಗುವ ವಯಸ್ಸಿಗೆ ಬರಲು ಸುಮಾರು 33 ವರ್ಷ ಬೇಕು. ಎಪ್ಪತ್ತು ವರ್ಷ ದಾಟಿ ಬದುಕಬಲ್ಲದು. ಬಸುರಿ ಒಂದು ವರ್ಷ ಅಥವಾ ಇನ್ನೂ ಹೆಚ್ಚು. ಹೆರುವುದು ಕೆಲವೇ ಮರಿಗಳನ್ನು. ಆ 4.9 ಮೀಟರ್‌ನ ಹೆಣ್ಣು ಸತ್ತಿತಲ್ಲ, ಅಂಥ ಇನ್ನೊಂದು ಬೆಳೆದು ನಿಲ್ಲಲು ಒಂದು ತಲೆಮಾರು ಬೇಕು.

ಅದು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಕೇಪ್‌ಟೌನ್ ಪಕ್ಕದ ಫಾಲ್ಸ್ ಬೇ ಸಾಕ್ಷಿ. ಅಲ್ಲಿನ ಸೀಲ್ ದ್ವೀಪದಲ್ಲಿ ಬಿಳಿ ಶಾರ್ಕ್ ಸೀಲನ್ನು ಹಿಡಿದು ನೀರಿನಿಂದ ಪೂರ್ತಿ ಮೇಲಕ್ಕೆ ಹಾರುತ್ತಿದ್ದ ಚಿತ್ರಗಳು ಲೋಕಪ್ರಸಿದ್ಧ. 2019ರ ಹೊತ್ತಿಗೆ ಅಲ್ಲಿ ಒಂದೂ ಕಾಣಲಿಲ್ಲ. ಅವು ಹೋದ ಮೇಲೆ ಸೀಲ್‌ಗಳು ಹೆಚ್ಚಾದವು, ಏಳು ಕಿವಿರಿನ ಇನ್ನೊಂದು ಜಾತಿಯ ಶಾರ್ಕ್ ಬಂದು ಸೇರಿತು. ಇವೆರಡೂ ತಿನ್ನುವ ಮೀನುಗಳು ಕಡಿಮೆಯಾದವು. ಮಗ ಭಾನುವಾರಗಳಲ್ಲಿ ಹೋಗುವುದು ಅದೇ ಕೊಲ್ಲಿಯ ಮ್ಯೂಸನ್‌ಬರ್ಗ್ ಕಡಲತೀರಕ್ಕೆ. ಅಲ್ಲಿ 2004ರಿಂದ ಬೆಟ್ಟದ ಮೇಲೆ ಕಾವಲುಗಾರರು ದುರ್ಬೀನು ಹಿಡಿದು ಕೂರುತ್ತಾರೆ. ಶಾರ್ಕ್ ಕಂಡರೆ ಕೆಳಗಿನವರಿಗೆ ತಿಳಿಸುತ್ತಾರೆ, ಸೈರನ್ ಆಗುತ್ತದೆ, ಶಾರ್ಕ್ ಚಿತ್ರದ ಬಿಳಿ ಬಾವುಟ ಏರುತ್ತದೆ. ಜನ ನೀರಿನಿಂದ ಮೇಲೆ ಬರುತ್ತಾರೆ. ಶಾರ್ಕ್ ತನ್ನ ಪಾಡಿಗೆ ಹೋಗುತ್ತದೆ. ಮತ್ತೆ ಹಸಿರು ಬಾವುಟ. ಬಲೆಯೂ ಇಲ್ಲ, ಸಾವೂ ಇಲ್ಲ. ಅಲ್ಲಿ ನಿಂತು ಹಸಿರು ಬಾವುಟ ನೋಡುವಾಗ ನನಗೆ ಸಂತೋಷ ಆಗಲಿಲ್ಲ. ಕಾವಲುಗಾರರಿಗೆ ಕಾಯಲು ಈಗ ಆ ಮೀನೇ ಇಲ್ಲವಲ್ಲ ಅನ್ನಿಸಿತು.

‘ನರಭಕ್ಷಕ’ ಎನ್ನುವ ಪದಕ್ಕೆ ಮತ್ತೆ ಬರುತ್ತೇನೆ. ಇಡೀ ಲೋಕದಲ್ಲಿ, ಎಲ್ಲ ಜಾತಿಯ ಶಾರ್ಕ್‌ಗಳೂ ಸೇರಿ, ಕೆಣಕದೆ ಮನುಷ್ಯನನ್ನು ಕಚ್ಚುವುದು ವರ್ಷಕ್ಕೆ ಸರಾಸರಿ ಅರವತ್ತರ ಆಸುಪಾಸು. ಅದರಲ್ಲಿ ಸಾಯುವವರು ಐದಾರು ಜನ. ಸತ್ತವರ ಮನೆಯವರ ದುಃಖ ದೊಡ್ಡದು, ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಮನುಷ್ಯ ವರ್ಷಕ್ಕೆ ಕೊಲ್ಲುವ ಶಾರ್ಕ್ ಸುಮಾರು ಹತ್ತು ಕೋಟಿ ಎಂಬುದು 2013ರ ಒಂದು ಅಂದಾಜು. ಗಾನ್ಸ್‌ಬಾಯ್‌ನಲ್ಲೇ 2008ರ ಏಪ್ರಿಲ್‌ನಲ್ಲಿ ಇಂಥ ಪ್ರವಾಸಿ ದೋಣಿಯೊಂದು ಮಗುಚಿ ಮೂವರು ಪ್ರವಾಸಿಗಳು ತೀರಿಕೊಂಡರು. ಮಗುಚಿದ್ದು ದೊಡ್ಡ ಅಲೆಗೆ. ನಿಮ್ಮ ಲೇಖನ ಓದುಗರಿಗೆ ಎಚ್ಚರ ಹೇಳಬೇಕಿದ್ದರೆ ಕಡಲಿನ ಅಲೆಯ ಬಗ್ಗೆ ಹೇಳಬೇಕಿತ್ತು, ಲೈಫ್ ಜಾಕೆಟ್ ಬಗ್ಗೆ ಹೇಳಬೇಕಿತ್ತು. ಕಡಲಿನವರ ಮಗಳಾಗಿ ಇದನ್ನು ಒತ್ತಿ ಹೇಳುತ್ತೇನೆ.

ಒಂದು ಪದದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಗುಜರಾತಿನಲ್ಲಿ ಆದದ್ದನ್ನು ನೋಡಿ. ತಿಮಿಂಗಿಲ ಶಾರ್ಕ್, ಲೋಕದ ಅತಿ ದೊಡ್ಡ ಮೀನು, ಸೌರಾಷ್ಟ್ರದ ಕಡಲಿಗೆ ಬರುತ್ತದೆ. ಮೊದಲು ಅಲ್ಲಿನ ಮೀನುಗಾರರು ಅದನ್ನು ‘ಬ್ಯಾರಲ್’ ಎಂದೇ ಕರೆಯುತ್ತಿದ್ದರು. ದೊಡ್ಡ ಕೊಕ್ಕೆಗೆ ಬ್ಯಾರಲ್ ಕಟ್ಟಿ, ಮುಳುಗದ ಹಾಗೆ ಮಾಡಿ ಕೊಲ್ಲುತ್ತಿದ್ದರಲ್ಲ, ಅದಕ್ಕೆ. 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಬಂತು. ಆದರೆ ಕಾಯ್ದೆ ಮಾತ್ರ ಸಾಕಾಗಲಿಲ್ಲ. ರಾಮಕಥೆ ಹೇಳುವ ಮೊರಾರಿ ಬಾಪು ಮೀನುಗಾರರ ನಡುವೆ ನಿಂತು, ಇದು ಹೆರಿಗೆಗೆ ತವರಿಗೆ ಬರುವ ಮಗಳು, ತವರಿನವರು ಮಗಳನ್ನು ಕೊಲ್ಲುತ್ತಾರೆಯೇ ಎಂಬ ಅರ್ಥದಲ್ಲಿ ಮಾತಾಡಿದರು. ಅದಕ್ಕೆ ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂಬ ಹೆಸರು ಬಂತು. ಆಮೇಲೆ ಅದೇ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಬಲೆ ಕತ್ತರಿಸುವುದು ಎಂದರೆ ಏನು ಎಂದು ಮಲ್ಪೆಯವರಿಗೆ ಹೇಳಬೇಕಾಗಿಲ್ಲ. ಅದು ಅನ್ನದ ತಟ್ಟೆ ಕತ್ತರಿಸಿದ ಹಾಗೆ. ಬ್ಯಾರಲ್ ಎಂದಿದ್ದವರ ಕೈಯಲ್ಲಿ ಅದನ್ನು ಮಾಡಿಸಿದ್ದು ಒಂದು ಹೆಸರು.

ನಮ್ಮ ಮನೆಯಲ್ಲೂ ತಾಟೆ, ಅಂದರೆ ನಮ್ಮ ಕಡಲಿನ ಶಾರ್ಕ್, ತಿಂದವರೇ. ನನ್ನ ಬಾಣಂತನದಲ್ಲಿ ಹಾಲು ಚೆನ್ನಾಗಿ ಬರಲಿ ಎಂದು ಅಮ್ಮ ತಾಟೆ ಮೀನಿನ ಪದಾರ್ಥ ಮಾಡಿ ಹಾಕಿದ್ದಳು. ಹಾಗಾಗಿ ತಿನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಂದೆ ಒಂದು ಮಾತು ಹೇಳುತ್ತಿದ್ದರು: ದೊಡ್ಡ ತಾಟೆ ಇರುವ ನೀರಿನಲ್ಲಿ ಮೀನಿರುತ್ತದೆ. ಅವರಿಗೆ ವಿಜ್ಞಾನ ಗೊತ್ತಿರಲಿಲ್ಲ, ಕಡಲು ಗೊತ್ತಿತ್ತು. ಈಗ ಬಂದರಿನಲ್ಲಿ ಬುಟ್ಟಿಯಲ್ಲಿ ಬರುವುದು ಮೊಣಕೈ ಉದ್ದದ ಮರಿಗಳೇ. ಶಾರ್ಕ್ ರೆಕ್ಕೆ ರಫ್ತನ್ನು ನಮ್ಮ ಸರ್ಕಾರ 2015ರಲ್ಲಿ ನಿಲ್ಲಿಸಿದೆ, ಒಳ್ಳೆಯದಾಯಿತು. ಬಿಳಿ ಶಾರ್ಕ್ ನಮ್ಮ ಕರಾವಳಿಯ ಮೀನಲ್ಲ. ಆದರೂ ಅದನ್ನು ರಾಕ್ಷಸ ಎಂದು ಓದಿ ಬೆಳೆದ ಮಗು ನಮ್ಮ ತಾಟೆಯನ್ನೂ ಹಾಗೇ ನೋಡುತ್ತದೆ. ನಿಮ್ಮ ಪುರವಣಿಯ ಪುಟಗಳನ್ನು ಕತ್ತರಿಸಿ ಶಾಲೆಯ ಬೋರ್ಡಿಗೆ ಅಂಟಿಸಿದವಳು ನಾನು. ಮಕ್ಕಳು ಅದರ ಪ್ರತಿ ಪದ ಓದುತ್ತಾರೆ.

ಅದನ್ನು ಅದರ ನಿಜವಾದ ಗುಣದಿಂದ ಪರಿಚಯ ಮಾಡಿಸಿದರೆ ಸಾಲದೇ? ಗಾನ್ಸ್‌ಬಾಯ್ ಹತ್ತಿರ 2003ರ ನವೆಂಬರಿನಲ್ಲಿ ಒಂದು ಹೆಣ್ಣು ಶಾರ್ಕ್‌ಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಸಾಧನ ಕಟ್ಟಿದರು. ನಿಕೋಲ್ ಎಂದು ಹೆಸರಿಟ್ಟರು. 99 ದಿನಕ್ಕೆ ಅದು ಹಿಂದೂ ಮಹಾಸಾಗರ ದಾಟಿ ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿತ್ತು. 2004ರ ಆಗಸ್ಟ್‌ನಲ್ಲಿ ಮತ್ತೆ ಗಾನ್ಸ್‌ಬಾಯ್‌ನಲ್ಲಿ. ರೆಕ್ಕೆಯ ಅಂಚು ನೋಡಿ ಅದೇ ಎಂದು ಗುರುತು ಹಿಡಿದರು. ಹೋಗಿ ಬಂದ ದಾರಿ ಸುಮಾರು 20,000 ಕಿಲೋಮೀಟರ್. ದಾರಿಯ ಬಹುಭಾಗ ಗುರುತಿನ ಕಲ್ಲೊಂದೂ ಇಲ್ಲದ ನೀಲಿ ನೀರು. ಇದನ್ನು ಹೇಳಿದಾಗ ನನ್ನ ಹತ್ತನೇ ತರಗತಿಯ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಬ್ಬ ಹುಡುಗ, ಮನೆಗೆ ಹೇಗೆ ದಾರಿ ಗೊತ್ತಾಯಿತು ಟೀಚರ್ ಎಂದ. ಅದೇ ಪ್ರಶ್ನೆಗೆ ದೊಡ್ಡ ದೊಡ್ಡ ವಿಜ್ಞಾನಿಗಳು ಈಗಲೂ ಉತ್ತರ ಹುಡುಕುತ್ತಿದ್ದಾರೆ.

ಪಂಜರದ ಪ್ರವಾಸವನ್ನೇ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಊರಿಗೆ ಅದರಿಂದ ಅನ್ನ ಸಿಗುತ್ತದೆ. ಜೀವಂತ ಶಾರ್ಕ್‌ನಿಂದ ಬದುಕುವ ಊರಿನವರೇ ಸತ್ತ ಶಾರ್ಕ್ ಕಂಡರೆ ಮೊದಲು ಸುದ್ದಿ ಕೊಡುವವರು. ಅವರ ದೋಣಿಗಳಲ್ಲಿ ಬರೆದಿಟ್ಟ ಪುಸ್ತಕಗಳಿಂದಲೇ ಈ ಇಳಿಕೆ ಲೋಕಕ್ಕೆ ಗೊತ್ತಾದದ್ದು. ನಿಮ್ಮ ಓದುಗರಲ್ಲಿ ಹೋಗುವವರು ಹೋಗಲಿ. ಹೋಗುವ ಮುಂಚೆ ದೋಣಿಯವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಲಿ. ಪರವಾನಗಿ ಇದೆಯೇ? ಮೀನನ್ನು ಪಂಜರಕ್ಕೆ ಎಳೆದು ತರುತ್ತೀರಾ? ಬಂದ ಶಾರ್ಕ್‌ಗಳ ಲೆಕ್ಕ ಇಡುತ್ತೀರಾ? ಬಿಳಿ ಶಾರ್ಕ್ ಖಂಡಿತ ತೋರಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ಆ ದೋಣಿ ಹತ್ತುವುದು ಬೇಡ.

ಈ ಪತ್ರ ಉದ್ದವಾಯಿತು. ಜಾಗ ಇಲ್ಲದಿದ್ದರೆ ನನ್ನ ಪ್ರವಾಸದ ಭಾಗ ತೆಗೆದುಬಿಡಿ. 353 ಮತ್ತು 522 ಎಂಬ ಸಂಖ್ಯೆ, 33 ವರ್ಷ ಎಂಬುದು, ಗಾನ್ಸ್‌ಬಾಯ್‌ನಲ್ಲಿ ಬಿಳಿ ಶಾರ್ಕ್ ಅಪರೂಪವಾಗಿದೆ ಎಂಬ ತಿದ್ದುಪಡಿ, ಇಷ್ಟನ್ನಾದರೂ ಅದೇ ಪುರವಣಿಯಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಹಾಕಿ.

2023ರಲ್ಲಿ ವಾಪಸ್ ಬಂದು ಬಟ್ಟೆ ಬದಲಿಸಿದ ಮೇಲೆ, ಆ ಹುಡುಗಿಗೆ ನನ್ನ ಫೋನಿನಲ್ಲಿದ್ದ 2014ರ ಫೋಟೊ ತೋರಿಸಿದೆ. ಎರಡು ಗೀರಿನ ರೆಕ್ಕೆ. ಅವಳು ತನ್ನ ಕಂಪ್ಯೂಟರ್ ತೆಗೆದು ತುಂಬ ಹೊತ್ತು ಹುಡುಕಿದಳು. ಸಿಕ್ಕಿತು. ಅದು ಹೆಣ್ಣು. ಕೊನೆಯ ಸಲ ಕಂಡದ್ದು 2016ರಲ್ಲಿ ಎಂದು ಬರೆದಿತ್ತು. ನನ್ನ ಫೋಟೊವನ್ನೂ ಅವಳು ಆ ಪುಟಕ್ಕೆ ಸೇರಿಸಿಕೊಂಡಳು. ಮುಂದೆ ಯಾವಾಗಲಾದರೂ ಬಂದರೆ ಗುರುತಿಗೆ ಇರಲಿ ಎಂದಳು. ಆ ಫೋಟೊ ನಿಮಗೂ ಕಳಿಸುತ್ತಿದ್ದೇನೆ. ಬಾಯಿ ತೆರೆದ ಚಿತ್ರದ ಬದಲು ಇದನ್ನು ಹಾಕಿ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ,
ಮಲ್ಪೆ, ಉಡುಪಿ ಜಿಲ್ಲೆ